ಗುಂಡುಸೂಜಿಯ ಉತ್ತರ

"ಇದೇನು, ಮೇಜಿನ ನಡುವೆ ಗಡಿ ಹಾಕಿದ್ದೀರಾ?"

ಕಟಿಂಗ್ ಮಾಸ್ಟರ್ ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದ. ಅವನು ನೋಡುತ್ತಿದ್ದದ್ದು ಪಿನ್ನು ಚುಚ್ಚಿಡುವ ಒಂದು ಪುಟ್ಟ ಕೆಂಪು ದಿಂಬನ್ನು. ಆರು ವರ್ಷದಿಂದ ಆ ಮೇಜಿನ ಮೇಲೆ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ದಿಂಬು. ನೀಲಿಯದು, ಹೊಟ್ಟೆ ಹರಿದು ಹೊಟ್ಟು ಉದುರಿಸುತ್ತಿದ್ದ ಮುದಿ ದಿಂಬು. ಇವತ್ತು ಬೆಳಿಗ್ಗೆ ಎದುರು ಕೂತು ಹೊಲಿಯುವವಳ ಕಡೆ ಹೊಸದೊಂದು ಬಂದು ಕೂತಿತ್ತು. ಪಕ್ಕದಲ್ಲಿ ಹೊಸ ಕತ್ತರಿ, ಹೊಸ ಟೀ ಲೋಟ.

"ನಿಮ್ಮ ಪಿನ್ನುಗಳೆಲ್ಲ ತುಕ್ಕು ಹಿಡಿದಿವೆ," ಅಂದಳು ಅವಳು, ತಲೆಯೆತ್ತದೆ.

"ನಿನ್ನೆವರೆಗೆ ಹಿಡಿದಿರಲಿಲ್ಲ."

"ಇವತ್ತು ಹಿಡಿದಿವೆ."

ರಂಗಮಂದಿರದ ಹಿಂಭಾಗದಲ್ಲಿ ನಾಟಕದ ಉಡುಪು ಹೊಲಿಯುವ ಕೋಣೆ ಅದು. ರಾಜರ ನಿಲುವಂಗಿ, ಸಿಪಾಯಿಗಳ ಕೋಟು, ಸತ್ತು ಮತ್ತೆ ಬರುವವರ ಬಿಳಿ ಬಟ್ಟೆ, ಎಲ್ಲವೂ ಅಲ್ಲೇ. ಅವನು ಕತ್ತರಿಸುತ್ತಾನೆ, ಅವಳು ಹೊಲಿಯುತ್ತಾಳೆ. ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡೇ ಕೆಲಸ ಮಾಡುವವಳಿಗೆ ಗುಂಡುಸೂಜಿ ಎಂದೇ ಹೆಸರಿಟ್ಟವನು ಅವನು. ಅವನು ಕೈ ಚಾಚಿದರೆ ಅವಳು ತುಟಿಯಿಂದ ಒಂದು ಪಿನ್ನು ತೆಗೆದು ಕೊಡಬೇಕು. ಕೊಡುವಾಗ ಬೆರಳು ತಾಗಬೇಕು. ತಾಗಿದ್ದು ಗೊತ್ತೇ ಆಗಿಲ್ಲ ಎಂಬಂತೆ ಇಬ್ಬರೂ ಬಟ್ಟೆಯನ್ನೇ ದಿಟ್ಟಿಸಬೇಕು. ಇಷ್ಟು ಶಿಸ್ತಾಗಿ ಆರು ವರ್ಷ ಪ್ರೀತಿಸಿದವರು ಬೇರೆಲ್ಲಾದರೂ ಇದ್ದರೆ ಹೇಳಿ.

ಹೋದ ವಾರ ಶಿಸ್ತು ಮುರಿದವನು ಮಾಸ್ಟರ್. ಕಾಲರಿಗೆ ಗುರುತು ಹಾಕುತ್ತಾ, ಬಟನ್ನಿನ ಬಣ್ಣ ಕೇಳುವ ದನಿಯಲ್ಲೇ ಕೇಳಿಬಿಟ್ಟಿದ್ದ. "ಈ ನಾಟಕ ಮುಗಿದ ಮೇಲೆ ನಿಮ್ಮ ಅಕ್ಕನ ಮನೆಗೆ ಬರ್ಲಾ? ಸುಮ್ನೆ ಅಲ್ಲ. ನಿಮ್ಮನ್ನ ಕೇಳೋದಕ್ಕೆ."

ಅವಳ ಬಾಯಲ್ಲಿ ಐದು ಪಿನ್ನುಗಳಿದ್ದವು. ಕೆನ್ನೆ ಕೆಂಪಾಯಿತು, ಉತ್ತರ ಬರಲಿಲ್ಲ.

"ಅವಸರ ಏನಿಲ್ಲ. ಮೊದಲು ಪಿನ್ನು ತೆಗೀರಿ, ನುಂಗಿಬಿಟ್ಟೀರಿ," ಎಂದು ನಕ್ಕಿದ್ದ.

ಆ ಉತ್ತರವೇ ಈಗ ಕೆಂಪು ದಿಂಬಿನ ರೂಪದಲ್ಲಿ ಬಂದಿದೆ ಎಂದು ಅವನು ತಿಳಿದ. ಹಾಗೆ ತಿಳಿದದ್ದು ಅವನ ಮುಖದಲ್ಲೇ ಕಂಡಿತು. ಅವಳು ಕೆಂಪು ದಿಂಬನ್ನು ಇನ್ನಷ್ಟು ತನ್ನ ಕಡೆ ಎಳೆದುಕೊಂಡಳು.

"ಸರಿ ಬಿಡಿ, ಮೇಡಂ," ಅಂದ ಅವನು. ಆರು ವರ್ಷದಲ್ಲಿ ಮೊದಲ ಸಲ ಮೇಡಂ.

*

ಹಿಂದಿನ ಸಂಜೆ ಅವಳು ಡಾಕ್ಟರಮ್ಮನ ಕೋಣೆಯಿಂದ ನೇರ ಅಂಗಡಿಗೆ ಹೋಗಿ ಆ ದಿಂಬು ಕೊಂಡಿದ್ದಳು.

ಯಾಕೋ ಸುಸ್ತು ಎಂದು ತೋರಿಸಲು ಹೋದವಳ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತ್ತು. ಒಂಬತ್ತನೇ ವಯಸ್ಸಿನಲ್ಲಿ ಮಹಡಿಯಿಂದ ಬಿದ್ದಾಗ ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಕೊಟ್ಟಿದ್ದರು. ಆಗ ಅಲ್ಲಿ ಕೊಡುವ ರಕ್ತದಲ್ಲಿ ಈ ವೈರಸ್ ಇದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. "ಯಾರೋ ಪುಣ್ಯಾತ್ಮರ ರಕ್ತ ಇವಳನ್ನ ಉಳಿಸ್ತು" ಎಂದು ಅಕ್ಕ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಸುಳ್ಳೇನಲ್ಲ. ಉಳಿಸಿದ್ದೂ ಅದೇ, ಇಪ್ಪತ್ತೊಂಬತ್ತು ವರ್ಷ ಒಳಗೇ ಕೂತು ಕೆಲಸ ಕೆಡಿಸಿದ್ದೂ ಅದೇ.

"ನೋವಿಲ್ಲ, ಸದ್ದಿಲ್ಲ," ಡಾಕ್ಟರಮ್ಮ ವಿವರಿಸಿದ್ದರು. "ವೈರಸ್ ಲಿವರ್‌ಗೆ ಗಾಯ ಮಾಡುತ್ತೆ. ಗಾಯ ಮಾಯುತ್ತೆ, ಕಲೆ ಉಳಿಯುತ್ತೆ. ಮತ್ತೆ ಗಾಯ, ಮತ್ತೆ ಕಲೆ. ಎಲ್ಲರಿಗೂ ಹೀಗಾಗಲ್ಲ. ಆದವರಿಗೆ ಇಪ್ಪತ್ತು, ಮೂವತ್ತು ವರ್ಷದಲ್ಲಿ ಲಿವರ್ರೇ ಗಟ್ಟಿಯಾಗಿಬಿಡುತ್ತೆ. ಅದಕ್ಕೇ ಸಿರೋಸಿಸ್ ಅನ್ನೋದು."

"ರಫು ಮೇಲೆ ರಫು ಹಾಕಿದ ಬಟ್ಟೆ ಥರ," ಅಂದಿದ್ದಳು ಅವಳು. "ತೂತು ಇರಲ್ಲ, ಆದ್ರೆ ಮಡಿಚೋಕೆ ಬರಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ಇನ್ಮೇಲೆ ನಾನೂ ಹಾಗೇ ಹೇಳ್ತೀನಿ. ನೋಡಿ, ಈ ವೈರಸ್‌ಗೆ ಮಾತ್ರೆ ಇದೆ. ಮೂರು ತಿಂಗಳು ತಗೊಂಡ್ರೆ ಹೆಚ್ಚುಕಮ್ಮಿ ಎಲ್ಲರಿಗೂ ಹೋಗುತ್ತೆ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋಕೆ ಎರಡು ವಾರ ಬಿಟ್ಟು ಸ್ಕ್ಯಾನ್. ಟೀ ಲೋಟ, ತಟ್ಟೆ, ಮುಟ್ಟೋದು, ತಬ್ಬೋದು, ಇದರಿಂದೆಲ್ಲ ಹರಡಲ್ಲ. ಹರಡೋದು ರಕ್ತದಿಂದ. ಬ್ಲೇಡು, ಸೂಜಿ, ಇಂಥದ್ದರಲ್ಲಿ ಹುಷಾರು."

ಇಷ್ಟೆಲ್ಲ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ಸೂಜಿ ಒಂದೇ. ಹಗಲೆಲ್ಲ ಸೂಜಿಯ ಜೊತೆಗೇ ಬದುಕುವವಳಿಗೆ ಬೇರೇನು ಕೇಳಿಸೀತು?

ಮನೆಯಲ್ಲಿ ಅಕ್ಕ ಮೊದಲು ನಂಬಲೇ ಇಲ್ಲ. "ಸಿರೋಸಿಸ್ ಕುಡುಕರಿಗೆ ಬರೋದಲ್ವೇನೇ? ನೀನು ಕೆಮ್ಮಿನ ಸಿರಪ್ಪಿಗೂ ಮುಖ ಕಿವುಚೋಳು!" ಆಮೇಲೆ ಅತ್ತಳು. ಅತ್ತು ಕಣ್ಣೊರೆಸಿಕೊಂಡ ಮೇಲೆ ಅಕ್ಕನ ತಲೆ ಚುರುಕಾಗಿ ಓಡಿತು.

"ಯಾರಿಗೂ ಹೇಳ್ಬೇಡ. ಆ ಮಾಸ್ಟರ್‌ಗಂತೂ ಬೇಡವೇ ಬೇಡ. ಬಾಯಿ ಮುಚ್ಕೊಂಡು ಮೂರು ತಿಂಗಳು ಮಾತ್ರೆ ನುಂಗು. ಆಮೇಲೆ ಹೂಂ ಅನ್ನು, ಯಾರಿಗೆ ಗೊತ್ತಾಗುತ್ತೆ? ಮೂವತ್ತೆಂಟಕ್ಕೆ ಒಬ್ಬ ಒಳ್ಳೆಯವನು ಬಂದು ಕೇಳಿದಾನೆ. ಕಾಯಿಲೆ ಕಥೆ ಹೇಳಿ ಓಡಿಸ್ಬೇಡ ಕಣೇ."

ಬುದ್ಧಿಮಾತೇ ಅನ್ನಿಸಿತು. ಹೇಳದಿದ್ದರೆ ಅವನು ಉಳಿಯುತ್ತಾನೆ, ಹೇಳಿದರೆ ಹೋಗಬಹುದು. ಅವಳಿಗೆ ಅವನು ಹೋಗುವುದು ಬೇಡವಾಗಿತ್ತು.

*

ಮುಂದಿನ ದಿನಗಳಲ್ಲಿ ಅವಳು ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದಳು. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಎಡತೋಳನ್ನು ಬಲಕ್ಕೆ ಹೊಲಿದಳು. ಮೊದಲಾಗಿದ್ದರೆ ಮಾಸ್ಟರ್ "ರಾಜನಿಗೆ ಕೈ ತಿರುಚಿಕೊಂಡಿದೆ, ವೈದ್ಯರನ್ನ ಕರೀರಿ" ಎಂದು ಇಡೀ ಕೋಣೆಯನ್ನು ನಗಿಸುತ್ತಿದ್ದ. ಈಗ ತುಟಿ ಬಿಚ್ಚದೆ ಹೊಲಿಗೆ ಬಿಚ್ಚಿ ಅವಳ ಮುಂದಿಟ್ಟ.

"ಮೇಡಂ, ಲೈನಿಂಗ್."

"ಮೇಡಂ, ಗುಂಡಿಗೆ ಕಾಜಾ ಎಷ್ಟು?"

ಪ್ರತಿ ಮೇಡಮ್ಮಿಗೂ ಅವಳ ಹೊಲಿಗೆ ಗೆರೆ ತಪ್ಪುತ್ತಿತ್ತು. ಇಷ್ಟಾದರೂ ಕದ್ದು ನೋಡುವುದು ತಪ್ಪಲಿಲ್ಲ. ಕಿವಿಯ ಹಿಂದೆ ಅವನು ಸಿಕ್ಕಿಸಿಕೊಂಡ ಚಾಕ್, ಕತ್ತರಿ ನಡೆಸುವಾಗ ಅವನಿಗೇ ಗೊತ್ತಿಲ್ಲದೆ ಓರೆಯಾಗುವ ಬಾಯಿ, ಕತ್ತಿನ ಮೇಲೆ ಅಂಟಿಕೊಂಡ ಬಿಳಿ ನೂಲಿನ ಎಳೆ. ಆ ಎಳೆ ತೆಗೆಯಲು ಅವಳ ಕೈ ಮೇಲೇಳುತ್ತಿತ್ತು, ಮತ್ತೆ ಮಡಿಲಿಗೆ ಇಳಿಯುತ್ತಿತ್ತು. ಒಮ್ಮೆ ಅವನು ಥಟ್ಟನೆ ತಲೆಯೆತ್ತಿದ. ಅವಳು ಖಾಲಿ ಬಾಬಿನ್ನಿನಲ್ಲಿ ಏನೋ ಭಾರೀ ವಿಷಯವಿದೆ ಎಂಬಂತೆ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಅವನು ನಿಟ್ಟುಸಿರು ಬಿಟ್ಟದ್ದು ಮೆಷಿನ್ನಿನ ಸದ್ದಿನಲ್ಲೂ ಕೇಳಿಸಿತು.

ಹನ್ನೆರಡನೆಯ ದಿನ ಅವನ ಬೆರಳಿಗೆ ಪಿನ್ನು ಚುಚ್ಚಿತು. ಬೆರಳನ್ನು ಬಾಯಿಗಿಟ್ಟುಕೊಂಡ, ಅಷ್ಟೆ. ದರ್ಜಿಗಳಿಗೆ ಇದು ದಿನಕ್ಕೆ ನಾಲ್ಕು ಸಲ. ಆದರೆ ಅವಳು ಮೆಷಿನ್ ನಿಲ್ಲಿಸಿದಳು.

ಏಳು ತಿಂಗಳ ಹಿಂದೆ, ಒಂದು ನಿಲುವಂಗಿಯ ಟ್ರಯಲ್ ದಿನ, ಒಂದೇ ಪಿನ್ನು ಇಬ್ಬರಿಗೂ ಚುಚ್ಚಿತ್ತು. ಮೊದಲು ಅವಳಿಗೆ, ಅವಳ ಕೈಯಿಂದ ಅವನು ಅದನ್ನು ಕಿತ್ತುಕೊಳ್ಳಲು ಹೋದಾಗ ಅವನಿಗೆ. ಇಬ್ಬರ ಬೆರಳಲ್ಲೂ ರಕ್ತದ ಹನಿ. "ಆಯ್ತಲ್ಲ, ಇನ್ನು ನೀವು ಬೇಡ ಅಂದ್ರೂ ನಾವು ಸಂಬಂಧಿಕರು," ಎಂದು ಅವನು ಬೆರಳಿಗೆ ಬೆರಳು ತಾಗಿಸಿದ್ದ. ಅದನ್ನು ನೆನೆಸಿಕೊಂಡು ಅವಳು ಎಷ್ಟು ಸಲ ಒಬ್ಬಳೇ ನಕ್ಕಿದ್ದಳೋ ಲೆಕ್ಕವಿಲ್ಲ.

ಈಗ ಬೆವರಿದಳು. ಮುಂದೆ ಚುಚ್ಚದಿರಲೆಂದು ದಿಂಬು ಬೇರೆ ಮಾಡಿದವಳು, ಆಗಲೇ ಚುಚ್ಚಿ ಮುಗಿದದ್ದನ್ನು ಮರೆತೇ ಬಿಟ್ಟಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಅವನು ಉಳಿಯುತ್ತಾನೆ, ನಿಜ. ಆದರೆ ಅವಳೊಳಗೆ ಸದ್ದಿಲ್ಲದೆ ನಡೆದದ್ದು ಅವನೊಳಗೂ ಶುರುವಾಗಿದ್ದರೆ? ಅವನಿಗೂ ಹೀಗೇ ಒಂದು ದಿನ, ಎಷ್ಟೋ ವರ್ಷದ ಮೇಲೆ, ಯಾರೋ ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಬೇಕೇ? ಸ್ಕ್ಯಾನ್ ಆಗುವವರೆಗೆ ಕಾಯೋಣ ಅಂದುಕೊಂಡಳು. ಆ ನಿರ್ಧಾರ ಊಟದ ಹೊತ್ತಿನವರೆಗೂ ಬಾಳಲಿಲ್ಲ.

ಕೋಣೆಯ ಉಳಿದ ದರ್ಜಿಗಳು ಊಟಕ್ಕೆ ಹೊರಗೆ ಹೋಗಿದ್ದರು.

"ಮಾಸ್ಟ್ರೇ, ಕತ್ತರಿ ಕೆಳಗಿಡಿ."

"ಯಾಕೆ ಮೇಡಂ, ಇದಕ್ಕೂ ತುಕ್ಕಾ?"

"ನೀವು ರಕ್ತ ಪರೀಕ್ಷೆ ಮಾಡಿಸ್ಬೇಕು. ನನ್ನಿಂದಾಗಿ."

ಒಂದೇ ಉಸಿರಿನಲ್ಲಿ ಹೇಳಿದಳು. ಮಹಡಿಯಿಂದ ಬಿದ್ದದ್ದು, ಮೂರು ಬಾಟಲಿ, ವೈರಸ್, ಲಿವರ್, ಆವತ್ತಿನ ಪಿನ್ನು. ಪಿನ್ನಿನಿಂದ ಅಂಟುವುದು ತೀರಾ ಅಪರೂಪ, ಆದರೂ ನೋಡಿಬಿಡುವುದು ಒಳ್ಳೆಯದು ಎಂದು, ಆ ಪಿನ್ನು ನೆನಪಾದೊಡನೆ ಫೋನ್ ಮಾಡಿದಾಗ ಡಾಕ್ಟರಮ್ಮ ಹೇಳಿದ್ದನ್ನೂ ಸೇರಿಸಿದಳು. ಹೇಳಿ ಮುಗಿದಾಗ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಇದು ನಿಮಗೆ ಯಾವತ್ತು ಗೊತ್ತಾಯ್ತು?"

"ದಿಂಬು ತಂದೆನಲ್ಲ, ಅದರ ಹಿಂದಿನ ದಿನ."

ಅವನು ಕುತ್ತಿಗೆಯಿಂದ ಅಳತೆ ಟೇಪು ತೆಗೆದ. ಸುರುಳಿ ಸುತ್ತಿ ಮೇಜಿನ ಮೇಲಿಟ್ಟ. ಬಾಗಿಲು ತೆರೆದು ಹೊರಟುಹೋದ.

ಅಕ್ಕ ಹೇಳಿದ್ದೇ ಸರಿ ಎಂದು ಅವಳು ಕಾಜಾ ಹಾಕಲು ಕೂತಳು. ಆರು ಹಾಕಿದಳು, ನಾಲ್ಕು ಬಿಚ್ಚಿದಳು. ಕಣ್ಣೀರು ಬೀಳದಿರಲೆಂದು ಬಟ್ಟೆಯನ್ನು ದೂರ ಹಿಡಿದು ಹೊಲಿದಳು.

ಒಂದೂವರೆ ಗಂಟೆಯ ಮೇಲೆ ಬಾಗಿಲು ತೆರೆಯಿತು. ಅವನ ಶರ್ಟಿನ ತೋಳು ಮೊಣಕೈ ಮೇಲಕ್ಕೆ ಮಡಿಚಿತ್ತು, ಅಲ್ಲಿ ಹತ್ತಿಯ ಉಂಡೆ ಮತ್ತು ಪಟ್ಟಿ.

"ರಿಪೋರ್ಟು ನಾಡಿದ್ದಂತೆ," ಅಂದ.

"ನೀವು ಹೋಗೇ ಬಿಟ್ರಿ ಅಂದ್ಕೊಂಡೆ."

"ಹೋಗಿದ್ದೆ. ಲ್ಯಾಬಿಗೆ." ಸ್ಟೂಲ್ ಎಳೆದುಕೊಂಡು ಕೂತ. "ಸುಳ್ಳು ಯಾಕೆ ಹೇಳ್ಲಿ, ಭಯ ಆಯ್ತು. ನಿಮ್ಮ ಮೇಲೆ ಸಿಟ್ಟೂ ಬಂತು. ಹನ್ನೆರಡು ದಿನದಿಂದ ಕನ್ನಡಿ ಮುಂದೆ ನಿಂತು, ನನ್ನ ಮುಖದಲ್ಲಿ ಅದೆಲ್ಲಿ ತುಕ್ಕು ಹಿಡಿದಿದೆ ಅಂತ ಹುಡುಕ್ತಾ ಇದೀನಿ, ಗೊತ್ತಾ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಲೋಟದಿಂದ ಬರಲ್ಲಂತಲ್ಲ? ಲ್ಯಾಬಿನವರು ಹೇಳಿದ್ರು. ಮತ್ತೆ ಲೋಟ ಯಾಕೆ ಬೇರೆ ಮಾಡಿದ್ರಿ?"

"ಹೆದರಿದವಳಿಗೆ ಅದೆಲ್ಲ ತಲೆಗೆ ಹೋಗುತ್ತಾ?"

"ಹೋಗಲ್ಲ," ಅವನು ಒಪ್ಪಿಕೊಂಡ. "ನನಗೂ ಈಗ ಏನೂ ಹೋಗ್ತಿಲ್ಲ. ಆ ಲ್ಯಾಬಿನ ಹುಡುಗಿ ಸೂಜಿ ಚುಚ್ಚುವಾಗ ನಾನು ನಿಮ್ಮನ್ನೇ ಬೈತಾ ಇದ್ದೆ. ಬೈತಾ ಬೈತಾ, ನೀವು ಇಷ್ಟು ದಿನ ಇದನ್ನ ಒಬ್ರೇ ಹೊತ್ಕೊಂಡು ಇಲ್ಲಿ ಕೂತಿದ್ರಲ್ಲ ಅಂತ ಹೊಳೀತು. ಆಮೇಲೆ ಬೈಯೋಕಾಗ್ಲಿಲ್ಲ."

ಆ ಎರಡು ದಿನ ಚಡಪಡಿಕೆಯನ್ನು ಇಬ್ಬರೂ ಹಂಚಿಕೊಂಡರು. ಅವನು ಕೋಟಿನ ಬೆನ್ನನ್ನು ಅರ್ಧ ಇಂಚು ಕಿರಿದು ಕತ್ತರಿಸಿದ. ಅವಳು ಪಟ್ಟಿ ಕೂಡಿಸಿ ಸರಿಮಾಡಿದಳು. ಅವನು ಬಿಸಿಲು ನೋಡುವ ನೆಪದಲ್ಲಿ ಕಿಟಕಿಗೆ ಹೋಗುತ್ತಿದ್ದ, ಅವಳು ದಾರ ತರುವ ನೆಪದಲ್ಲಿ ಬೀರುವಿಗೆ. ಎದುರುಬದುರಾದಾಗಲೆಲ್ಲ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. "ಏನಾಗಲ್ಲ ಬಿಡಿ."

*

ನಾಡಿದ್ದು ಎಂಬುದು ಕೊನೆಗೂ ಬಂತು. ಅವಳ ಸ್ಕ್ಯಾನ್ ಕೂಡ ಅದೇ ಬೆಳಿಗ್ಗೆ.

ಡಾಕ್ಟರಮ್ಮನ ಕೋಣೆಯಿಂದ ಅವಳು ಹೊರಬಂದಾಗ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿದ್ದ ಕವರನ್ನು ಇನ್ನೂ ಒಡೆದಿರಲಿಲ್ಲ.

"ಮೊದಲು ನಿಮ್ಮದು," ಅಂದಳು.

ಅವನು ಕವರ್ ಹರಿದ, ಕನ್ನಡಕ ಹುಡುಕಿದ, ಓದಿದ. ಹಾಳೆಯನ್ನು ಅವಳ ಕಡೆ ತಿರುಗಿಸಿದ. ನೆಗೆಟಿವ್.

ಅವಳು ಅಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತಳು. ತನಗೆ ಕಾಯಿಲೆ ಇದೆ ಎಂದು ಗೊತ್ತಾದ ದಿನವೂ ಇಷ್ಟು ಅತ್ತಿರಲಿಲ್ಲ. ದಾಟಿ ಹೋಗುತ್ತಿದ್ದ ನರ್ಸ್ ಒಬ್ಬರು ಕೆಟ್ಟ ಸುದ್ದಿ ಎಂದುಕೊಂಡು ನೀರು ತಂದುಕೊಟ್ಟರು.

"ಈಗ ನಿಮ್ಮದು," ಅಂದ ಅವನು.

"ಸಿರೋಸಿಸ್ ಶುರುವಾಗಿದೆ." ನೀರಿನ ಲೋಟವನ್ನೇ ನೋಡುತ್ತಾ ಹೇಳಿದಳು. "ಲಿವರ್ ಇನ್ನೂ ಕೆಲಸ ಮಾಡ್ತಿದೆಯಂತೆ. ನಾಳೆಯಿಂದ ಮಾತ್ರೆ. ವೈರಸ್ ಹೋಗುತ್ತೆ. ಕಲೆ ಸ್ವಲ್ಪ ಮೆತ್ತಗಾಗಬಹುದು, ಪೂರ್ತಿ ಹೋಗಲ್ಲ. ಒಳಗೆ ಗಂಟೇನಾದ್ರೂ ಬೆಳೀತಿದೆಯಾ ಅಂತ ಆರು ತಿಂಗಳಿಗೊಂದು ಸಲ ಸ್ಕ್ಯಾನ್. ಜೀವನ ಪೂರ್ತಿ." ಮೂಗು ಒರೆಸಿಕೊಂಡಳು. "ಅದಕ್ಕೇ ಯೋಚನೆ ಮಾಡಿದೀನಿ. ಮೊದಲು ವಾಸಿಯಾಗ್ಲಿ. ಆಮೇಲೆ ನಿಮಗೆ ಉತ್ತರ ಹೇಳ್ತೀನಿ."

"ಯಾವುದು ವಾಸಿಯಾದ್ಮೇಲೆ? ವೈರಸ್ಸಾ, ಕಲೆಯಾ?"

ಅವಳು ಲೋಟವನ್ನು ಪಕ್ಕಕ್ಕಿಟ್ಟಳು.

"ಕಲೆ ಪೂರ್ತಿ ಹೋಗಲ್ಲ ಅಂತ ಈಗ ತಾನೇ ನೀವೇ ಹೇಳಿದ್ರಿ. ಹಾಗಿದ್ರೆ ನಾನು ಎಲ್ಲಿವರೆಗೆ ಕಾಯ್ಲಿ?" ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ನನಗೆ ನಲವತ್ತೊಂದು. ಮೊಣಕಾಲು ಕಟಕಟ ಅನ್ನುತ್ತೆ, ಕನ್ನಡಕ ಇಲ್ದೆ ಟೇಪಿನ ನಂಬರ್ ಕಾಣಲ್ಲ. ನಾನೇನು ಎಲ್ಲ ವಾಸಿ ಮಾಡ್ಕೊಂಡು ಬಂದು ನಿಮ್ಮನ್ನ ಕೇಳಿದ್ನಾ?"

"ಒಂದು ದಿನ ನಾನು ನಿಮಗೆ ಭಾರ ಆಗಿಬಿಟ್ರೆ?"

"ಆಗಬಹುದು. ಆಗ ಗೊಣಗ್ತೀನಿ. ಈಗ ಗೊಣಗಲ್ವಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ನಿದ್ದೆಗೆಟ್ಟ ಕಣ್ಣು, ಒಂದು ಗುಂಡಿ ತಪ್ಪಿ ಹಾಕಿಕೊಂಡ ಶರ್ಟು, ಅವಳೇನು ಹೇಳುತ್ತಾಳೋ ಎಂದು ಉಸಿರು ಬಿಗಿಹಿಡಿದ ಮನುಷ್ಯ. ಅವನಿಗೂ ಭಯವಿತ್ತು. ಆ ಭಯ ಇಟ್ಟುಕೊಂಡೇ ಅವನು ಇಲ್ಲಿ ಕೂತಿದ್ದ. ಅವಳಿಗೆ ಅವನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು.

"ಭಾನುವಾರ ಬನ್ನಿ," ಅಂದಳು.

"ಎಲ್ಲಿಗೆ?"

"ಅಕ್ಕನ ಮನೆಗೆ. ಮತ್ತೆಲ್ಲಿಗೆ?"

"ನಾಟಕ ಮುಗಿಯೋಕೆ ಇನ್ನೂ ಒಂದು ತಿಂಗಳಿದೆಯಲ್ಲ."

"ಇರ್ಲಿ. ನಿಮಗೆ ಎಲ್ಲ ಹೇಳಿಬಿಟ್ಟೆ ಅಂತ ಅಕ್ಕ ನನಗೆ ಸರಿಯಾಗಿ ಬೈತಾಳೆ. ನೀವು ಪಕ್ಕದಲ್ಲಿ ಕೂತಿರಿ."

ಅವನ ಮುಖ ಅರಳಿದ್ದನ್ನು ಕಾರಿಡಾರಿನಲ್ಲಿದ್ದ ಎಲ್ಲರೂ ನೋಡಿದರು. ನೀರು ತಂದುಕೊಟ್ಟ ನರ್ಸಂತೂ ಕಕ್ಕಾಬಿಕ್ಕಿಯಾಗಿ ನಿಂತರು.

"ಎಷ್ಟು ಗಂಟೆಗೆ ಬರ್ಲಿ?"

"ಬೆಳಿಗ್ಗೆ ಬೇಗ ಬನ್ನಿ," ಅಂದಳು. "ನನಗೆ ಕಾಯೋಕಾಗ್ತಿಲ್ಲ."

ಹೇಳಿದ ಮೇಲೆ ಕಿವಿಯವರೆಗೂ ನಾಚಿಕೆಯಾಯಿತು. ಆದರೂ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.