ಹೊಸ ಕೊಳವೆಯ ಮೊದಲ ಅಳತೆ

ಸೀಸದ ಡಬ್ಬಿ ಖಾಲಿ!

ಬೆಳಿಗ್ಗೆ ಒಂಬತ್ತೂವರೆಗೆ ತರಬೇತಿಯ ಮೇಷ್ಟ್ರು ಕಪಾಟಿನ ಬೀಗ ತೆಗೆದಾಗ, ಅಂಗಿಗುಂಡಿಯಷ್ಟಗಲದ ವಿಕಿರಣದ ಬಿಲ್ಲೆ ಡಬ್ಬಿಯಲ್ಲಿರಲಿಲ್ಲ. ವಿಕಿರಣ ಅಳೆಯುವ ಮೀಟರು ಸರಿಯಿದೆಯೇ ಎಂದು ದಿನವೂ ಪರೀಕ್ಷಿಸುವುದು ಆ ಬಿಲ್ಲೆಯಿಂದಲೇ.

ನಿನ್ನೆ ಸಂಜೆ ಮೇಷ್ಟ್ರಿಗೆ ಡಬ್ಬಿ ಒಪ್ಪಿಸಿದವಳು ಕಿರಿಯ ತಂತ್ರಜ್ಞೆ, ಎಲ್ಲರ ಬಾಯಲ್ಲಿ ‘ಅಕ್ಕಯ್ಯ’. ಇರುವುದೊಂದೇ ಹಿರಿಯ ಹುದ್ದೆ. ಅದರ ಪರೀಕ್ಷೆ ಅದೇ ಮಧ್ಯಾಹ್ನ. ಬಿಲ್ಲೆ ಕಳೆದವಳನ್ನು ಪರೀಕ್ಷೆಗೆ ಕೂರಿಸುವಂತಿರಲಿಲ್ಲ. ಉಳಿಯುವ ಅಭ್ಯರ್ಥಿ ಒಬ್ಬನೇ — ಅವಳ ಜೊತೆಯ ತಂತ್ರಜ್ಞ ‘ಚುರುಕ’.

ಸುರಕ್ಷತಾ ಅಧಿಕಾರಿಣಿ ಬಂದರು. ಆತುರವಿಲ್ಲದ ಹೆಂಗಸು. ಕುರ್ಚಿ ಎಳೆದುಕೊಂಡು ಕುಳಿತರು.

“ಒಪ್ಪಿಸುವಾಗ ಮುಚ್ಚಳ ತೆಗೆದು ನೋಡಿದ್ಯೇನಮ್ಮ?”

“ಇಲ್ಲ ಮೇಡಂ. ಕೈ ತೊಳೆಯೋಕೆ ಹೋಗಿದ್ದೆ. ಬಂದಾಗ ಮುಚ್ಚಿತ್ತು. ಹಾಗೇ ಕೊಟ್ಟೆ.” ಅಕ್ಕಯ್ಯ ತಲೆ ಎತ್ತಲಿಲ್ಲ.

“ನೀವಾದ್ರೂ, ಮೇಷ್ಟ್ರೇ?”

“ನಾಲ್ಕು ವರ್ಷದಿಂದ ನೋಡ್ತಿದೀನಿ ಈ ಹುಡುಗೀನ. ಅವಳ ಕೈಯಿಂದ ಬಂದದ್ದು ಅಂತ—”

“ನಂಬಿಕೆಗೇ ಬೀಗ ಹಾಕಿದ್ರಿ. ಕೀಲಿ?”

“ನನ್ನ ಜೇಬಲ್ಲೇ. ಇವತ್ತು ತಡವಾಯ್ತು, ಈಗಷ್ಟೇ ಬಂದೆ.”

“ನೀನಪ್ಪ?”

“ನಾನು ಡಬ್ಬಿ ಮುಟ್ಟೇ ಇಲ್ಲ ಮೇಡಂ,” ಎಂದ ಚುರುಕ. “ಎಂಟೂವರೆಗೆ ಬಂದೆ. ಆಗಷ್ಟೇ ರಿಪೇರಿಯಿಂದ ಮೀಟರು ಬಂದಿತ್ತು, ಹಿಡ್ಕೊಂಡು ಕೋಣೆಗಳ ಸುತ್ತು ಮುಗಿಸ್ದೆ. ನಮ್ಮ ಅಕ್ಕಯ್ಯ ಬಿಡಿ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕೋರ ಪೈಕಿ.”

ಅಧಿಕಾರಿಣಿ ಮೀಟರಿನ ಪುಸ್ತಕ ತೆರೆದರು. ದಿನವೂ ಬರೆಯುವ ಪುಸ್ತಕ. ಅದಕ್ಕೇ ಯಾರೂ ಓದದ ಪುಸ್ತಕ.

“ಬಿಲ್ಲೆ ಎದುರು ಈ ಮೀಟರು ತಿಂಗಳುಗಟ್ಟಲೆ ನಲವತ್ತೆಂಟು ತೋರಿಸಿದೆ. ಇವತ್ತು ನೀನು ಬರೆದಿರೋದು ಅರವತ್ತೆರಡು. ಯಾಕೆ?”

“ರಿಪೇರೀಲಿ ವಿಕಿರಣ ಹಿಡಿಯೋ ಹೊಸ ಕೊಳವೆ ಹಾಕಿದಾರೆ. ಏರಲೇಬೇಕು,” ಎಂದರು ಮೇಷ್ಟ್ರು.

“ಅಳೀದೆ ಅಭ್ಯಾಸಬಲದಿಂದ ಗೀಚಿದ್ರೆ ನಲವತ್ತೆಂಟೇ ಬೀಳ್ತಿತ್ತು. ಅರವತ್ತೆರಡು ಅಂತ ಗೊತ್ತಾಗ್ಬೇಕಾದ್ರೆ ಬಿಲ್ಲೆ ಎದುರು ಹಿಡೀಲೇಬೇಕು. ಎಂಟೂವರೆಗೆ ಕಪಾಟಿಗೆ ಬೀಗ, ಕೀಲಿ ಮೇಷ್ಟ್ರ ಜೇಬಲ್ಲಿ. ಬಿಲ್ಲೆ ನಿನ್ನ ಹತ್ರ ಇತ್ತು, ಚುರುಕ.”

ಚುರುಕ ಎದ್ದು ಹೋಗಿ, ತನ್ನ ಲಾಕರಿನಲ್ಲಿ ಸೀಸದ ಹಾಳೆ ಸುತ್ತಿಟ್ಟಿದ್ದ ಬಿಲ್ಲೆಯನ್ನು ತಂದಿಟ್ಟ.

“ಕದ್ದವನಿಗೆ ಮೀಟರು ಪರೀಕ್ಷಿಸೋ ದರ್ದೇನಿತ್ತೋ?” ಮೇಷ್ಟ್ರು ಕೇಳಿದರು.

“ಪರೀಕ್ಷಿಸದ ಮೀಟರು ಹಿಡಿದು ಒಳಗೆ ಕಾಲಿಡ್ಬೇಡ ಅಂದೋರು ನೀವೇ ಅಲ್ವಾ ಸರ್? ಒಳಗೆ ಜನ ಕೆಲಸ ಮಾಡ್ತಿರ್ತಾರೆ. ಹಾಗೇ ಹೋಗೋಕೆ ಮನಸ್ಸು ಬರ್ಲಿಲ್ಲ.”

“ಪರೀಕ್ಷೆಗೆ ಹೋಗಮ್ಮ,” ಅಧಿಕಾರಿಣಿ ಪುಸ್ತಕ ಮುಚ್ಚಿದರು. “ಮುಚ್ಚಳ ತೆಗೆದು ನೋಡದ್ದಕ್ಕೆ ಅಂಕ ಮಾತ್ರ ಕಳೀತೀನಿ.”

ಮಧ್ಯಾಹ್ನ ಮೇಷ್ಟ್ರ ಕೈಯಲ್ಲಿ ಎರಡು ಪ್ರಶ್ನೆಪತ್ರಿಕೆಗಳಿದ್ದವು. ಒಂದನ್ನು ಅಕ್ಕಯ್ಯನಿಗೆ ಕೊಟ್ಟರು. ಇನ್ನೊಂದನ್ನು ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.