ಎಡಗಡೆಯ ಸೀಟು

೧೯೮೯ರ ಫೆಬ್ರವರಿ ೧೩, ಸೋಮವಾರ. ಬೆಳಿಗ್ಗೆ ನೈರೋಬಿಯ ಸೌತ್ ಬಿ ಪೊಲೀಸ್ ಠಾಣೆಗೆ ಫ್ಲಾವಿಯಾ ಲೋಬೊ ಎಂಬ ಶಿಕ್ಷಕಿ ದೂರು ತಂದರು. ಅವರ ತಮ್ಮ ವಲೇರಿಯನ್ ಹೆಂಡತಿ ಸಿಲ್ವಿಯಾಳೊಂದಿಗೆ ಲ್ಯಾಂಡ್ ರೋವರ್‌ನಲ್ಲಿ ಪ್ರವಾಸ ಹೊರಟಿದ್ದ. ಮೊಂಬಾಸಾ, ಲಾಮು ದ್ವೀಪಗಳು, ಕೊನೆಗೆ ಉತ್ತರದ ಚಾಲ್ಬಿ ಮರುಭೂಮಿ. ಶನಿವಾರ ಸಂಜೆ ಸಿಲ್ವಿಯಾ ಒಬ್ಬಳೇ ಮನೆಗೆ ಮರಳಿದ್ದಳು.

ದೂರು ಬರೆದುಕೊಂಡವರು ರಿಸರ್ವ್ ಪೊಲೀಸ್ ರಾಮಚಂದ್ರ. ಮೈಸೂರಿನವರು, ಹೈರಿಡ್ಜ್‌ನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ರಜೆಯಲ್ಲಿ ಖಾಕಿ ತೊಡುತ್ತಿದ್ದರು.

"ಇವರೇ, ಅವಳ ಕುತ್ತಿಗೆ ನೋಡಿ ಒಮ್ಮೆ," ಎಂದರು ಫ್ಲಾವಿಯಾ. "ಕರಿಮಣಿ ಇಲ್ಲ. ನಮ್ಮಲ್ಲಿ ಗಂಡನನ್ನು ಮಣ್ಣು ಮಾಡಿದ ಮೇಲೆಯೇ ಅದನ್ನು ತೆಗೆಯುವುದು. ಇವಳಿಗೆ ಹೆಣ ತೋರಿಸಿದ್ದು ಯಾರು?"

ಇನ್ಸ್‌ಪೆಕ್ಟರ್ ವೆಕೆಸಾ ತಲೆ ಎತ್ತಿದರು. "ಕರಿಮಣಿ ಅಂದರೇನು, ಮ್ವಾಲಿಮು?" ಮೇಷ್ಟ್ರನ್ನು ಅವರು ಸ್ವಾಹಿಲಿಯಲ್ಲಿ ಕರೆಯುತ್ತಿದ್ದುದೇ ಹಾಗೆ.

"ಮದುವೆಯ ಸರ. ಉಂಗುರ ಮರೆತು ಬಿಚ್ಚಿಡಬಹುದು. ಇದನ್ನು ಯಾರೂ ಮರೆತು ಬಿಚ್ಚುವುದಿಲ್ಲ."

ವೆಕೆಸಾ ಟೋಪಿ ಎತ್ತಿಕೊಂಡರು.

ಮನೆಯಲ್ಲಿದ್ದ ಸಿಲ್ವಿಯಾಳ ಮುಖ ಬಿಸಿಲಿಗೆ ಸುಲಿದಿತ್ತು. ಕುತ್ತಿಗೆಯ ಸುತ್ತ ಮಾತ್ರ ದಾರದಷ್ಟು ಅಗಲದ ಬಿಳಿ ಗೆರೆ. ಮರುಭೂಮಿಯಲ್ಲಿ ಇದ್ದಷ್ಟು ದಿನವೂ ಸರ ಅಲ್ಲೇ ಇತ್ತು ಎಂದುಕೊಂಡರು ರಾಮಚಂದ್ರ.

"ಗಾಡಿ ಯಾವಾಗ ಕೆಟ್ಟಿತು?" ಎಂದು ಅವರೇ ಕೇಳಿದರು.

"ಗುರುವಾರ. ಆಕ್ಸಲ್ ಮುರಿಯಿತು. ನನಗೆ ಮೊದಲೇ ಸೊಂಟ ಹಿಡಿದಿತ್ತು. ಎಡಗಡೆಯ ಸೀಟು ಅಷ್ಟು ಹಿಂದೆ. ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತದ್ದು. ಮುಂದೆ ಎಳೆಯಲಿಕ್ಕೂ ಆಗುವುದಿಲ್ಲ, ಬೋಲ್ಟ್ ಹಾಕಿಬಿಟ್ಟಿದ್ದಾರೆ."

"ಸೀಟಿನ ವಿಷಯ ಬಿಡಿ. ಗಂಡ?"

"ನೀರಿನದ್ದು ಎರಡು ಬಿಳಿ ಕ್ಯಾನ್ ಇತ್ತು. ಅರ್ಧ ಉಳಿದದ್ದನ್ನು ನನಗೆ ಬಿಟ್ಟರು. ಬಾಯಿ ಬಿಚ್ಚದ ಇನ್ನೊಂದನ್ನು ಹೊತ್ತುಕೊಂಡು ಸಹಾಯ ತರುತ್ತೇನೆ ಅಂತ ನಡೆದರು. ಸಂಜೆ ಲಾರಿಯೊಂದು ಸಿಕ್ಕಿ ನನ್ನನ್ನು ಮಾರ್ಸಬಿಟ್ ಪೊಲೀಸರಲ್ಲಿ ಬಿಟ್ಟಿತು. ನನಗೆ ಜ್ವರ. ಮಿಷನ್ ಸಿಸ್ಟರ್‌ಗಳು ವಿಮಾನದಲ್ಲಿ ಇಲ್ಲಿಗೆ ಕಳಿಸಿದರು. ಅಲ್ಲಿಯವರು ಇನ್ನೂ ಹುಡುಕುತ್ತಿದ್ದಾರೆ."

"ಅವರಿನ್ನೂ ಹುಡುಕುತ್ತಿರುವಾಗ ನೀವು ಕರಿಮಣಿ ತೆಗೆದಿರಿ."

"ನಾನು ತೆಗೆದದ್ದಲ್ಲ!" ಅವಳ ಕೈ ಕುತ್ತಿಗೆಗೆ ಹೋಯಿತು. "ಫೆಲಿಕ್ಸ್ ತೆಗೆಸಿದ್ದು. ಮೈದುನ. ಅತ್ತಿಗೆ, ಇನ್ನು ಕಾಯಬೇಡಿ, ಅಣ್ಣ ಬರುವುದಿಲ್ಲ ಅಂತ ಕೂತು ಅತ್ತ."

"ಯಾವ ಮಾತಿಗೆ ಅತ್ತ?"

ಅವಳು ಯೋಚಿಸಿದಳು. "ಬಿಳಿ ಕ್ಯಾನ್ ಹೊತ್ತುಕೊಂಡು ಹೋದರು ಅಂದೆ. ಆಗ."

ರಾಮಚಂದ್ರರು ಪೆನ್ನು ನಿಲ್ಲಿಸಿದರು. ಕ್ಯಾನ್ ತುಂಬ ನೀರು ಹೊತ್ತ ಗಂಡಸಿಗಾಗಿ ಯಾರೂ ಎರಡೇ ದಿನಕ್ಕೆ ಅತ್ತು ಮುಗಿಸುವುದಿಲ್ಲ.

"ಗಾಡಿಗೆ ಸಾಮಾನು ತುಂಬಿದ್ದು ಯಾರು?"

"ಫೆಲಿಕ್ಸೇ. ಅವನದ್ದೇ ಗ್ಯಾರೇಜ್ ಅಲ್ವಾ?"

ಠಾಣೆಗೆ ಬಂದವರೇ ವೆಕೆಸಾ ಮಾರ್ಸಬಿಟ್‌ಗೆ ವೈರ್‌ಲೆಸ್ ಕಳಿಸಿದರು: ಆತನ ಬಳಿ ನೀರಿಲ್ಲದಿರಬಹುದು, ದಾರಿ ಬಿಟ್ಟು ಬಾವಿಗಳ ಕಡೆ, ದನಗಾಹಿಗಳ ಬೀಡುಗಳಲ್ಲಿ ಹುಡುಕಿ.

ಮಂಗಳವಾರ ಮಧ್ಯಾಹ್ನ ಉತ್ತರ ಬಂತು. ಇಬ್ಬರೂ ಅದನ್ನು ಎರಡೆರಡು ಸಲ ಓದಿ ಜೀಪು ಹತ್ತಿದರು.

ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಫೆಲಿಕ್ಸ್ ಪಿಕಪ್ ಒಂದರ ಕೆಳಗೆ ಮಲಗಿದ್ದ. ಹೊರಬಂದು ಎದ್ದು ನಿಂತಾಗ ರಾಮಚಂದ್ರರು ಕತ್ತೆತ್ತಿ ನೋಡಬೇಕಾಯಿತು; ಆರಡಿ ಮೀರಿದ ಆಳು. ಗೋಡೆಯ ಮೇಲೆ ಕೀನ್ಯಾದ ಹಳೆಯ ನಕ್ಷೆ. ಲಾಮುವಿನಿಂದ ಚಾಲ್ಬಿಯವರೆಗೆ ಕೆಂಪು ಪೆನ್ಸಿಲ್ಲಿನ ಗೆರೆ.

"ಎರಡನೇ ಬಿಳಿ ಕ್ಯಾನಿನಲ್ಲಿ ಏನಿತ್ತು ಫೆಲಿಕ್ಸ್?" ಎಂದರು ವೆಕೆಸಾ.

"ನೀರು."

"ಮಾರ್ಸಬಿಟ್‌ನವರು ಮುಚ್ಚಳ ತೆಗೆದು ಮೂಸಿದ್ದಾರೆ."

ಅವನು ಚಿಂದಿಯಲ್ಲಿ ಕೈ ಒರೆಸುತ್ತಲೇ ಇದ್ದ. ಕೊನೆಗೆ, "ಸೀಮೆಎಣ್ಣೆ," ಎಂದ. "ಮರುಭೂಮಿಗೆ ಇಳಿಯುವ ಮೊದಲು ಮಾರ್ಸಬಿಟ್‌ನಲ್ಲೇ ಬಿಚ್ಚುತ್ತಾರೆ, ನೀರಿಲ್ಲ ಅಂತ ಹೆದರಿ ಅಲ್ಲಿಂದಲೇ ವಾಪಸ್ ಬರುತ್ತಾರೆ ಅಂತ ಎಣಿಸಿದ್ದು. ಅಷ್ಟೇ ಮಾರಾಯ್ರೆ. ಸಾಯಲಿ ಅಂತ ಅಲ್ಲ."

"ಶನಿವಾರ ಸಂಜೆಯಿಂದ ನಿನಗೆ ಗೊತ್ತಿತ್ತು. ಅತ್ತಿಗೆಯ ಕರಿಮಣಿ ತೆಗೆಸಿದೆ. ಪೊಲೀಸರಿಗೆ ಒಂದು ಮಾತು ಹೇಳಲಿಲ್ಲ."

"ಹೇಳಿದರೆ ನಾನೇ ಕೊಂದ ಹಾಗೆ ಆಗುತ್ತಿತ್ತು."

"ಸತ್ತಿಲ್ಲ," ಎಂದರು ರಾಮಚಂದ್ರ. "ಗುರುವಾರವೇ ಒಂಟೆ ಕಾಯುವವರಿಗೆ ಸಿಕ್ಕಿದ್ದಾನೆ. ಅವರ ಬೀಡಿನಲ್ಲಿ ಒಂಟೆ ಹಾಲು ಕುಡಿದು ಬದುಕಿದ್ದಾನೆ. ರೇಡಿಯೊ ಇಲ್ಲದ ಜಾಗ, ಅದಕ್ಕೇ ಸುದ್ದಿ ತಡ."

ಫೆಲಿಕ್ಸ್ ಚಿಂದಿ ಕೆಳಗಿಟ್ಟ. ತಾನೇ ಕೈ ಮುಂದೆ ಚಾಚಿದ. ಕೊಲೆಯತ್ನದ ಆರೋಪದ ಮೇಲೆ ಅವನ ಬಂಧನವಾಯಿತು.

ಹೇಳಿಕೆಯಲ್ಲಿ ಅವನು ಹೆಚ್ಚೇನೂ ಸೇರಿಸಲಿಲ್ಲ. ಮಂಗಳೂರಿನಿಂದ ಬಂದ ವರ್ಷವೇ ಅಣ್ಣ ತಮ್ಮ ಇಬ್ಬರೂ ಸೇರಿ ಆ ಕೆಂಪು ಗೆರೆ ಎಳೆದಿದ್ದರು. ಗುಜರಿಗೆ ಹೋಗಬೇಕಿದ್ದ ಲ್ಯಾಂಡ್ ರೋವರನ್ನು ಫೆಲಿಕ್ಸ್ ಆ ದಾರಿಗೆಂದೇ ಕಟ್ಟಿ ನಿಲ್ಲಿಸಿದ್ದ. ಅಷ್ಟರಲ್ಲಿ ವಲೇರಿಯನ್‌ಗೆ ಮದುವೆಯಾಯಿತು.

ಸಿಲ್ವಿಯಾಳಿಗೆ ಸುದ್ದಿ ತಿಳಿಸಲು ರಾಮಚಂದ್ರರೇ ಹೋದರು. ಅವಳು ಒಳಗೆ ಓಡಿ ಕರಿಮಣಿ ತಂದಳು. ಅವಸರಕ್ಕೆ ಕೊಂಡಿ ಕೂರಲಿಲ್ಲ. ಫ್ಲಾವಿಯಾ ಬಂದು ಹಾಕಿದರು.

ಹೊರಡುವಾಗ ರಾಮಚಂದ್ರರು ಒಂದನ್ನು ಮಾತ್ರ ಕೇಳಿದರು. "ಆ ಸೀಟು ಎಷ್ಟು ಹಿಂದೆ ಇತ್ತಮ್ಮ?"

ಐದಡಿಯ ಸಿಲ್ವಿಯಾ ಕುರ್ಚಿಯಲ್ಲಿ ಕೂತು ಕಾಲು ಚಾಚಿ ತೋರಿಸಿದಳು. ಗಾಡಿಯಲ್ಲಿ ಕಾಲಿಡುವ ಜಾಗ ಅವಳ ಹಿಮ್ಮಡಿಯಿಂದ ಒಂದು ಗೇಣು ಮುಂದೆ.

ಫೆಲಿಕ್ಸನ ಕಾಲಿಗೆ ಸರಿಯಾದ ಅಳತೆ.