ಕಣ್ಣಳತೆಯ ದೋಣಿ

"ರೀ ಮೇಷ್ಟ್ರೇ! ಮನೆಗೆ ಬೆಂಕಿ ಇಡ್ತಿದ್ದೀರಾ?"

ಕೆಳಗಿನ ಶೆಡ್ಡಿನ ಬಾಗಿಲು ದಬ್ಬಿಕೊಂಡು ಮನೆಯೊಡತಿಯ ಮಗಳು ಒಳನುಗ್ಗಿದಳು. ಹೊಸದಾಗಿ ಬಾಡಿಗೆಗೆ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ಹೊಗೆಯಾಡುವ ಮಗ್ ಹಿಡಿದು ಕುಣಿಯುತ್ತಿದ್ದ. ಕಾರು ನಿಲ್ಲಬೇಕಾದ ಜಾಗದಲ್ಲಿ ಮರದ ಪಟ್ಟಿಗಳ ಅರೆಬರೆ ದೋಣಿ!

"ಬೆಂಕಿ ಅಲ್ಲ ರೀ... ಎಪಾಕ್ಸಿ. ಅಂಟು. ಬೇಗ ಗಟ್ಟಿಯಾಗ್ಲಿ ಅಂತ ಹಾರ್ಡ್‌ನರ್ ಸ್ವಲ್ಪ ಜಾಸ್ತಿ ಹಾಕಿ, ಮಗ್ ತುಂಬ ಕಲಸಿಬಿಟ್ಟೆ. ತಾನೇ ಕಾದು ಹೊಗೆ ಎದ್ದುಬಿಡ್ತು."

"ಎಷ್ಟು ಜಾಸ್ತಿ?"

"ಕಣ್ಣಳತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಔಷಧಿ ಅಂಗಡಿಯಲ್ಲಿ ಹನಿ ಹನಿಯನ್ನೂ ಅಳೆದು ಕೊಡುವವಳು ಅವಳು. ಅವಳ ಮುಂದೆ ಕಣ್ಣಳತೆಯಂತೆ, ಕಣ್ಣಳತೆ!

"ಡಬ್ಬದ ಮೇಲೆ ಎರಡಕ್ಕೆ ಒಂದು ಅಂತ ಬರೆದಿರೋದು ಅಂದಕ್ಕಾ?"

ಮರುದಿನ ಅಳತೆ ಲೋಟ ಹಿಡಿದು ತಾನೇ ಇಳಿದು ಬಂದಳು. ಮನೆ ಉಳಿಸಿಕೊಳ್ಳಬೇಕಲ್ಲ, ಅಷ್ಟಕ್ಕೇ ಎಂದು ಅಮ್ಮನಿಗೂ ಹೇಳಿದಳು, ತನಗೂ ಹೇಳಿಕೊಂಡಳು.

ಹೀಗೇ ಎರಡು ತಿಂಗಳು ಕಳೆಯಿತು. ಅವಳು ಅಳೆದು ಕಲಸುವುದು, ಅವನು ಫೈಬರ್‌ಗ್ಲಾಸ್ ಬಟ್ಟೆ ಹಾಸಿ ಬಳಿಯುವುದು. ಅಂಟು ಗಟ್ಟಿಯಾಗುವುದರೊಳಗೆ ಮುಗಿಸಬೇಕು, ಜಗಳಕ್ಕೂ ಪುರುಸೊತ್ತಿಲ್ಲ! ಬಿಳಿ ಬಟ್ಟೆ ಅಂಟು ಕುಡಿದು ಮಾಯವಾಗಿ, ಮರದ ಬಣ್ಣ ಎದ್ದು ಬರುವಾಗ ಅವನು ಮಗುವಿನಂತೆ ನಗುತ್ತಿದ್ದ. ಆ ನಗು ನೋಡಲೆಂದೇ ತಾನು ಅಂಗಡಿಯಿಂದ ಓಡೋಡಿ ಬರುವುದೆಂದು ಗೊತ್ತಾದ ದಿನ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

'ಇಡೀ ಊರಲ್ಲಿ ನಿನಗೆ ಇವನೇ ಬೇಕಿತ್ತಾ!'

ಒಂದು ಸಂಜೆ ಗೋಡೆಗೆ ಅಂಟಿಸಿದ್ದ ದೋಣಿಯ ನಕ್ಷೆ ಕಣ್ಣಿಗೆ ಬಿತ್ತು. ಹಿಂದಿನ ಸೀಟು: ನಾನು, ಎಪ್ಪತ್ತು ಕೆಜಿ. ಮುಂದಿನ ಸೀಟು: ಅವಳು, ಐವತ್ತೆರಡು ಕೆಜಿ.

ಐವತ್ತೆರಡು! ತಾನಂತೂ ಅಲ್ಲ. ಯಾವಳೋ ಕಡ್ಡಿಯಂಥವಳು ಕೂರುವ ದೋಣಿಗೆ ಇಷ್ಟು ದಿನ ಅಂಟು ಕಲಸಿದೆನಲ್ಲ... ಲೋಟವನ್ನು ಅಲ್ಲೇ ಕುಕ್ಕಿ ಹೊರಟವಳು ಒಂದು ವಾರ ಶೆಡ್ಡಿನತ್ತ ತಿರುಗಿಯೂ ನೋಡಲಿಲ್ಲ.

ಎಂಟನೇ ದಿನ ಅವನೇ ಔಷಧಿ ಅಂಗಡಿಗೆ ಬಂದ. ಅಂಗೈಗೆ ಪೇಪರ್ ಚೂರೊಂದು ಅಂಟಿಕೊಂಡಿತ್ತು.

"ಅಂಟಿನ ಕೊನೇ ಕೋಟು ಒಣಗ್ತಾನೇ ಇಲ್ಲ ರೀ. ಐದು ದಿನ ಆಯ್ತು, ಕೈಯಿಟ್ರೆ ಅಂಟುತ್ತೆ."

"ಮತ್ತೆ ಕಣ್ಣಳತೆಯಾ?"

"ನೀವು ಬರ್ಲಿಲ್ವಲ್ಲ..."

"ನಿಮ್ಮ ಐವತ್ತೆರಡು ಕೆಜಿಯನ್ನ ಕರ್ಕೊಳ್ಳಿ! ಅವಳೇ ಕಲಸಿ ಕೊಡ್ಲಿ!"

ಅವನು ಪಿಳಿಪಿಳಿ ಕಣ್ಣು ಬಿಟ್ಟ. "ಅವಳನ್ನೇ ಕರಿಯೋಕೆ ಬಂದಿದ್ದೀನಲ್ರೀ..."

ಅವಳ ಕೈಯಲ್ಲಿದ್ದ ಮಾತ್ರೆ ಪಟ್ಟಿ ಜಾರಿ ಬಿತ್ತು.

"ನಾನಾ? ಅಯ್ಯೋ ದೇವರೇ... ನನ್ನ ತೂಕ ಅರವತ್ತೊಂದು!"

ಔಷಧಿಗೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ!

"ಬಾಯಿಬಿಟ್ಟು ಕೇಳೋಕೇನಾಗಿತ್ತು?"

"ತೂಕ ಕೇಳೋಕೆ ಧೈರ್ಯ ಇರ್ಲಿಲ್ಲ."

"ಮತ್ತೆ... ಪ್ರೀತಿ ಹೇಳೋಕೆ?"

"ಅದಕ್ಕೂ ಇರ್ಲಿಲ್ಲ. ಒಂದೇ ಸೀಟಿನ ದೋಣಿ ಅದು. ನೀವು ಬಂದ್ಮೇಲೆ ಇನ್ನೊಂದು ಸೇರಿಸ್ದೆ."

ಅವಳ ಕಣ್ಣು ತುಂಬಿ ಬಂತು. ಎಷ್ಟು ಖುಷಿಯಾಗಿತ್ತೋ ಅಷ್ಟೇ ಕೋಪವೂ ಬಂದಿತ್ತು.

"ಒಂಬತ್ತು ಕೆಜಿ ತಪ್ಪು! ದೋಣಿ ಮಗುಚಿಕೊಂಡಿದ್ರೆ?" ಬೈಯುತ್ತಲೇ ಹತ್ತಿಗೆ ಸ್ಪಿರಿಟ್ ಸುರಿದು ಅವನ ಅಂಗೈ ಒರೆಸತೊಡಗಿದಳು. "ಸಂಜೆ ಬರ್ತೀನಿ. ಎಲ್ಲ ಕೆರೆದು ಮತ್ತೆ ಬಳಿಯೋಣ."

"ಇಬ್ರೂನಾ?"

"ನಾನಿಲ್ದೆ ನಿನ್ನ ಕೈಲಿ ಏನಾಗುತ್ತೋ, ದಡ್ಡ?"

"ಏನೂ ಆಗಲ್ಲ," ಎಂದ ಅವನು, ಅವಳ ಕೈ ಬಿಡದೆ.